ಬಂದ ಬಡತನವೂ ಆರಿಸಿಕೊಂಡ ಸರಳತೆಯೂ

ಕ್ರೈಸ್ತ ಸ್ತ್ರೀಯ ಮಿತಜೀವನವನ್ನು ಕುರಿತು ಒಂದು ಲೇಖನವನ್ನು ಬರೆದುಕೊಡಬೇಕೆಂದು ಸ್ಮರಣ ಸಂಚಿಕೆಯ ಮಂಡಲಿಯವರು ನಮ್ಮನ್ನು ಕೇಳಿಕೊಂಡಿರುವರು. ಈ ವಿಷಯವು ಉಪದೇಶಕ್ಕೆ ಎಷ್ಟು ಸುಲಭವೋ ವಿವರಣೆಗೆ ಅಷ್ಟೇ ಕಠಿಣವಾದುದು. ಏಕೆಂದರೆ ನಮ್ಮ ಶಾಲೆಯ ಒಂದೇ ಬೆಂಚಿನ ಮೇಲೆ ಎರಡು ಬಗೆಯ ಮನೆಗಳಿಂದ ಬಂದ ಹೆಣ್ಣುಮಕ್ಕಳು ಕುಳಿತುಕೊಳ್ಳುವರು. ಕಾಫಿಯ ಬೆಲೆಯು 2024 ಮತ್ತು 2025ನೆಯ ಇಸವಿಗಳಲ್ಲಿ ಹಿಂದೆಂದೂ ಕಾಣದ ಎತ್ತರಕ್ಕೆ ಏರಿದುದರಿಂದ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಸೀಮೆಯಲ್ಲಿ ಬೆಳೆಗಾರರ ಮನೆಗಳು ಕೆಲವು ಮಹಡಿಯ ಮೇಲೆ ಮಹಡಿಯನ್ನು ಕಂಡವು. ಅದೇ ಬೆಟ್ಟದ ಲೈನುಮನೆಗಳಲ್ಲಿ ಕೂಲಿಯ ಹಣವನ್ನೇ ನಂಬಿ ಒಲೆ ಹಚ್ಚುವ ತಾಯಂದಿರೂ ಇರುವರು. ಇವರಿಬ್ಬರ ಮಕ್ಕಳನ್ನೂ ಒಟ್ಟಿಗೆ ನಿಲ್ಲಿಸಿ, ಮಿತವಾಗಿ ಬಾಳಿರಿ ಎಂದು ಒಂದೇ ಉಸಿರಿನಲ್ಲಿ ಹೇಳುವುದು ನ್ಯಾಯವೋ? ಒಬ್ಬಳಿಗೆ ಅದು ಹಿತವಚನವಾದರೆ ಇನ್ನೊಬ್ಬಳಿಗೆ ಅದು ಹಸಿದವಳಿಗೆ ಉಪವಾಸದ ಮಹಿಮೆಯನ್ನು ಬೋಧಿಸಿದಂತೆ ಆಗುವುದಿಲ್ಲವೆ?

ಈ ಪ್ರಶ್ನೆಯನ್ನು ನಮ್ಮಷ್ಟಕ್ಕೆ ನಾವು ಬಿಡಿಸುವುದಕ್ಕಿಂತ, ಬಡತನವನ್ನೂ ಸರಳತೆಯನ್ನೂ ಎರಡನ್ನೂ ಸ್ವಂತ ಮೈಮೇಲೆ ಅನುಭವಿಸಿದ ಒಬ್ಬ ಮಹನೀಯೆಯ ಚರಿತ್ರೆಯನ್ನು ನೋಡುವುದು ಲೇಸು. ಆಕೆ ಹುಟ್ಟಿದುದು ದೂರದೇಶದಲ್ಲಲ್ಲ. ಕಳಸದಿಂದ ಕುದುರೆಮುಖದ ಮಾರ್ಗವಾಗಿ ಕಾರ್ಕಳದ ಕಡೆಗೆ ಇಳಿಯುವವರು ಗಂಗಾಮೂಲವೆಂಬ ಕಾಡನ್ನು ದಾಟಿಹೋಗುವರು. ತುಂಗೆಯೂ ಭದ್ರೆಯೂ ನೇತ್ರಾವತಿಯೂ ಅಲ್ಲಿಯೇ ಹುಟ್ಟುವುವು. ಕಳಸವನ್ನೂ ಬಾಳೆಹೊನ್ನೂರನ್ನೂ ಮುಟ್ಟಿಹೋಗುವ ಭದ್ರೆಯನ್ನು ನಮ್ಮ ಮಕ್ಕಳು ದಿನವೂ ನೋಡುತ್ತಾರೆ. ಆದರೆ ಆ ನದಿಯ ತವರಿನಲ್ಲಿಯೇ 1858ನೆಯ ಏಪ್ರಿಲ್ 23ರಂದು ಪಂಡಿತಾ ರಮಾಬಾಯಿಯವರು ಜನಿಸಿದರೆಂಬುದನ್ನು ಬಲ್ಲವರು ಬಹಳ ಕಡಿಮೆ. ಮಹಾರಾಷ್ಟ್ರದವರು ಆಕೆಯನ್ನು ತಮ್ಮವರೆಂದು ಕೊಂಡಾಡುವುದು ಸಹಜವೇ. ಆಕೆ ಕನ್ನಡವನ್ನೂ ಬಲ್ಲವರಾಗಿದ್ದರು, ನಮ್ಮ ಬೆಟ್ಟದ ಮಗಳಾಗಿದ್ದರು ಎಂದು ಹೇಳಿಕೊಳ್ಳುವುದಕ್ಕೆ ನಾವೇಕೆ ಸಂಕೋಚಪಡಬೇಕು?

ಆಕೆಯ ತಂದೆ ಅನಂತಶಾಸ್ತ್ರಿ ಡೋಂಗರೆಯವರು ಕಾರ್ಕಳದ ಬಳಿಯ ಮಾಳದ ಮನೆತನದವರು, ದೊಡ್ಡ ಸಂಸ್ಕೃತ ವಿದ್ವಾಂಸರು. ತಮ್ಮ ಪತ್ನಿ ಲಕ್ಷ್ಮೀಬಾಯಿಯವರಿಗೆ ಸಂಸ್ಕೃತವನ್ನು ಕಲಿಸಿದರೆಂಬ ಕಾರಣದಿಂದ ಸ್ವಜನರ ಆಕ್ಷೇಪಕ್ಕೆ ಗುರಿಯಾದರು. ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು ತಮ್ಮ ನಡತೆಯು ಶಾಸ್ತ್ರಕ್ಕೆ ವಿರುದ್ಧವಲ್ಲವೆಂದು ಸಮರ್ಥಿಸಿಕೊಳ್ಳಬೇಕಾಯಿತು. ಆ ಬಳಿಕ ಗಂಗಾಮೂಲದ ಅರಣ್ಯದಲ್ಲಿ ಆಶ್ರಮವನ್ನು ಕಟ್ಟಿ, ಪತ್ನಿಗೂ ಶಿಷ್ಯರಿಗೂ ಪಾಠ ಹೇಳುತ್ತ ವಾಸಿಸಿದರು. ಸ್ಥಳವು ಪುಣ್ಯಕ್ಷೇತ್ರವಾದುದರಿಂದ ಅತಿಥಿಗಳು ನಿಲ್ಲದೆ ಬರುತ್ತಿದ್ದರು. ಶಾಸ್ತ್ರಿಗಳು ಯಾರಿಗೂ ಇಲ್ಲವೆನ್ನಲಿಲ್ಲ. ಇದ್ದ ಆಸ್ತಿಯು ಕರಗಿತು, ಸಾಲವಾಯಿತು. ರಮಾಬಾಯಿ ಇನ್ನೂ ಆರು ತಿಂಗಳ ಕೂಸಾಗಿದ್ದಾಗ ಆ ಕುಟುಂಬವು ಮಗುವನ್ನು ಬುಟ್ಟಿಯಲ್ಲಿಟ್ಟು ಹೊತ್ತುಕೊಂಡು ಬೆಟ್ಟವನ್ನಿಳಿದು ಹೊರಟುಹೋಯಿತು. ಅಲ್ಲಿಂದ ಮುಂದೆ ಅವರಿಗೆ ಸ್ಥಿರವಾದ ಮನೆಯೆಂಬುದಿರಲಿಲ್ಲ; ತೀರ್ಥದಿಂದ ತೀರ್ಥಕ್ಕೆ ನಡೆದು, ದೇವಾಲಯಗಳಲ್ಲಿ ಪುರಾಣವನ್ನು ಓದಿ, ಕೇಳಿದವರು ಕೊಟ್ಟುದರಿಂದ ಜೀವಿಸಿದರು. ದೊರೆತುದರಲ್ಲಿಯೂ ಬಹುಭಾಗವನ್ನು ಪುಣ್ಯಸಂಪಾದನೆಗೆಂದು ದಾನವಾಗಿ ಕೊಟ್ಟುಬಿಟ್ಟರು.

ಇದನ್ನು ಓದಿದವರು, ಇದಕ್ಕಿಂತ ಸರಳವಾದ ಜೀವನವು ಬೇರೊಂದುಂಟೇ ಎನ್ನಬಹುದು. ಆದರೆ ಮುಂದೆ ನಡೆದುದನ್ನು ಕೇಳಿರಿ. 1870ರ ದಶಕದಲ್ಲಿ ದಕ್ಷಿಣ ದೇಶಕ್ಕೆ ಮಹಾ ಕ್ಷಾಮವು ಬಂದಾಗ ಇವರ ಕೈಯಲ್ಲಿ ಒಂದು ಕಾಸೂ ಉಳಿದಿರಲಿಲ್ಲ. ಕೂಲಿ ಮಾಡಿ ಉಣ್ಣುವುದು ಕುಲಕ್ಕೆ ತಕ್ಕುದಲ್ಲವೆಂಬ ಭಾವನೆಯೂ, ಲೌಕಿಕವಾದ ಯಾವ ಕಸಬೂ ಬಾರದಿದ್ದುದೂ ಸೇರಿ ಅವರನ್ನು ಕಟ್ಟಿಹಾಕಿದವು. ಕಾಡಿನ ಎಲೆಗಳನ್ನು ತಿಂದು ದಿನಗಳನ್ನು ಕಳೆದರು. ಮೊದಲು ತಂದೆ, ಬಳಿಕ ತಾಯಿ, ಅನಂತರ ಅಕ್ಕ ತೀರಿಕೊಂಡರು. ತಾಯಿಯ ಶವವನ್ನು ಹೊರುವುದಕ್ಕೆ ಸಾಕಷ್ಟು ಜನರು ದೊರೆಯದೆ, ಎತ್ತರದಲ್ಲಿ ಗಿಡ್ಡಳಾಗಿದ್ದ ರಮಾಬಾಯಿಯು ಚಟ್ಟದ ಒಂದು ಮೂಲೆಯನ್ನು ತಲೆಯ ಮೇಲೆ ಹೊತ್ತು ಸ್ಮಶಾನದವರೆಗೆ ನಡೆದರು. ಬಳಿಕ ಅಣ್ಣ ಶ್ರೀನಿವಾಸನೊಡನೆ ಸಾವಿರಾರು ಮೈಲಿಗಳನ್ನು ಕಾಲುನಡಿಗೆಯಿಂದ ಅಲೆದರು. ಪಂಜಾಬಿನ ಝೇಲಂ ನದಿಯ ದಡದಲ್ಲಿ, ಹೊದೆಯಲು ಏನೂ ಇಲ್ಲದೆ, ಮರಳಿನಲ್ಲಿ ಗುಂಡಿಗಳನ್ನು ತೋಡಿ ಮಲಗಿ ಮರಳನ್ನೇ ಮೈಮೇಲೆ ಎಳೆದುಕೊಂಡು ಚಳಿಯನ್ನು ತಡೆದುದನ್ನು ಆಕೆಯೇ ಬರೆದಿರುವರು.

ಇದು ಬಂದ ಬಡತನ. ಇದರಲ್ಲಿ ಪವಿತ್ರವಾದುದು ಯಾವುದೂ ಇಲ್ಲವೆಂದು ನಾವು ಧೈರ್ಯವಾಗಿ ಹೇಳುವೆವು. ಹಸಿವೆಯನ್ನು ಸದ್ಗುಣವೆಂದು ಹೊಗಳುವವರು ಸಾಮಾನ್ಯವಾಗಿ ಉಂಡವರು. ಆ ತಂದೆತಾಯಿಗಳ ಭಕ್ತಿಯನ್ನು ನಾವು ಹಗುರವಾಗಿ ನುಡಿಯಲಾರೆವು. ಆದರೂ ಲೆಕ್ಕವಿಲ್ಲದ ದಾನವೂ ಮಿತಜೀವನವೂ ಒಂದೇ ಅಲ್ಲವೆಂಬುದನ್ನು ಈ ಕಥೆಯು ಸ್ಪಷ್ಟವಾಗಿ ತೋರಿಸುತ್ತದೆ. ಮಿತಜೀವನಕ್ಕೆ ನಾಳೆಯ ಎಚ್ಚರವುಂಟು.

ಮುಂದಿನ ಚರಿತ್ರೆಯನ್ನು ಬೇಗನೆ ಹೇಳಿಬಿಡುವೆವು. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಆಕೆಯ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನು ಕೊಟ್ಟರು. 1880ರಲ್ಲಿ ಅಣ್ಣನು ತೀರಿಕೊಂಡನು. ಅದೇ ವರ್ಷ ಬಿಪಿನ್ ಬಿಹಾರಿ ದಾಸ್ ಮೇಧಾವಿಯವರೊಡನೆ ವಿವಾಹವಾಯಿತು. 1882ರ ಫೆಬ್ರವರಿಯಲ್ಲಿ ವಾಂತಿಭೇದಿಯು ಪತಿಯನ್ನು ಕೊಂಡೊಯ್ಯಿತು. ಕೈಯಲ್ಲಿ ಹಸುಗೂಸು ಮನೋರಮೆ. ಪುಣೆಗೆ ಬಂದು ‘ಸ್ತ್ರೀಧರ್ಮನೀತಿ’ ಎಂಬ ಪುಸ್ತಕವನ್ನು ಬರೆದು, ಅದರ ಮಾರಾಟದಿಂದ ಬಂದ ಹಣದಿಂದ 1883ರಲ್ಲಿ ಇಂಗ್ಲೆಂಡಿಗೆ ಪ್ರಯಾಣಮಾಡಿದರು. ವಾಂಟೇಜ್ ಎಂಬ ಊರಿನಲ್ಲಿ ಸಿಸ್ಟರುಗಳ ಮಠದಲ್ಲಿ ತಂಗಿದ್ದು, ಅದೇ ವರ್ಷದ ಸೆಪ್ಟೆಂಬರ್ 29ರಂದು ದೀಕ್ಷಾಸ್ನಾನವನ್ನು ಹೊಂದಿದರು.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಕ್ರೈಸ್ತಳಾದ ಮೇಲೆ ಆಕೆಯ ಊಟ, ಉಡುಪುಗಳು ಬದಲಾಗಬೇಕೆಂದು ಹಿತೈಷಿಗಳಲ್ಲಿ ಕೆಲವರು ಎಣಿಸಿದರು. ರಮಾಬಾಯಿಯವರು ಮಾಂಸವನ್ನು ಮುಟ್ಟಲಿಲ್ಲ, ಮೊಟ್ಟೆ ಬೆರೆಸಿದ ಸಿಹಿಯನ್ನೂ ಒಲ್ಲೆನೆಂದರು. ಆಕೆಯ ಧರ್ಮಮಾತೆಯಂತಿದ್ದ ಸಿಸ್ಟರ್ ಜೆರಲ್ಡೀನ್ ಅವರಿಗೆ ಇದು ಹಳೆಯ ಜಾತಿಯ ಅಭಿಮಾನವೆಂದು ತೋರಿತು. ಅವರಿಬ್ಬರ ನಡುವಣ ಪತ್ರಗಳು 1977ರಲ್ಲಿ ಪುಸ್ತಕವಾಗಿ ಹೊರಬಂದಿರುವುದರಿಂದ ಆ ವಾದವನ್ನು ಇಂದು ಯಾರೂ ಓದಬಹುದು. ಕ್ರಿಸ್ತನನ್ನು ಅಂಗೀಕರಿಸುವುದಕ್ಕೆ ಇಂಗ್ಲಿಷರ ಮೇಜನ್ನೂ ಅಂಗೀಕರಿಸಬೇಕಾಗಿಲ್ಲವೆಂಬುದೇ ರಮಾಬಾಯಿಯವರ ನಿಲುವಿನ ತಿರುಳು. ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿದ್ದಾಗಲೂ, 1886ರಿಂದ ಅಮೆರಿಕದಲ್ಲಿ ಊರೂರು ತಿರುಗಿ ಉಪನ್ಯಾಸ ಕೊಟ್ಟಾಗಲೂ, ಆಕೆಯು ಬಿಳಿಯ ಸಾದಾ ಸೀರೆಯನ್ನೂ ಸಸ್ಯಾಹಾರವನ್ನೂ ಬಿಡಲಿಲ್ಲ.

ನಮ್ಮ ಮಿಶನ್ ಶಾಲೆಗಳಲ್ಲಿ ಕಲಿತು ಬೆಳೆದ ನಮ್ಮಂಥವರಿಗೆ ಈ ಮಾತು ಚುಚ್ಚುವಂಥಾದ್ದು. ಒಂದು ಕಾಲದಲ್ಲಿ ನಮ್ಮ ಜನರಿಗೆ ಕುರ್ಚಿ, ಪಿಂಗಾಣಿ ಬಟ್ಟಲು, ಕೇಕು, ಬಿಳಿಯ ಗೌನು ಇವೆಲ್ಲವೂ ಸುವಾರ್ತೆಯ ಜೊತೆಯಲ್ಲಿಯೇ ಬಂದ ವಸ್ತುಗಳಂತೆ ಕಂಡುವು. ಅವುಗಳಲ್ಲಿ ಪಾಪವೇನೂ ಇಲ್ಲ. ಆದರೆ ಅವು ಸುವಾರ್ತೆಯಲ್ಲ. ನಮ್ಮ ನೆರೆಯ ಹಾಸನ ಸೀಮೆಯ ಶೆಟ್ಟಿಹಳ್ಳಿಯಲ್ಲಿ ಸೇವೆಮಾಡಿದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಅವರು ಇದನ್ನು ಬಹಳ ಹಿಂದೆಯೇ ಅರಿತಿದ್ದರು. 1792ರಲ್ಲಿ ಈ ದೇಶಕ್ಕೆ ಬಂದು 1823ರಲ್ಲಿ ಹಿಂದಿರುಗುವವರೆಗೆ, ಮೂವತ್ತೊಂದು ವರ್ಷಗಳ ಕಾಲ, ಈ ನಾಡಿನವರ ಉಡುಪನ್ನೇ ಉಟ್ಟು ಈ ನಾಡಿನವರಂತೆಯೇ ಉಂಡರು. ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆಯನ್ನು ಹರಡಿದರು. ಆದರೆ ಪರದೇಶಿಯು ಸರಳತೆಯನ್ನು ಒಂದು ಭಾಷೆಯಂತೆ ಕಲಿಯಬೇಕಾಯಿತು. ರಮಾಬಾಯಿಯವರಿಗೆ ಅದು ತಾಯಿನುಡಿ. ಅದನ್ನು ಮರೆಯದಿರುವುದೇ ಆಕೆಯ ಸಾಧನೆ.

ಆರಿಸಿಕೊಂಡ ಸರಳತೆಯು ಯಾವ ಬಗೆಯದೆಂಬುದನ್ನು ನೋಡಬೇಕಾದರೆ ಪುಣೆಯಿಂದ ಸುಮಾರು 34 ಮೈಲಿ ದೂರದ ಕೇಡಗಾಂವಿಗೆ ಹೋಗಬೇಕು. 1889ರ ಮಾರ್ಚ್ 11ರಂದು ಬೊಂಬಾಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವು ಸ್ಥಾಪಿತವಾಯಿತು. ಮರುವರ್ಷ ಪುಣೆಗೆ ಬಂದಿತು. ಅಮೆರಿಕದ ಬಾಸ್ಟನ್ ನಗರದ ಮಿತ್ರರು ಹತ್ತು ವರ್ಷಗಳ ಕಾಲ ಸಹಾಯ ಕೊಡುವುದಾಗಿ ಒಪ್ಪಿಕೊಂಡಿದ್ದರು. ಬೇರೆ ಯಾರಾದರೂ ಆಗಿದ್ದರೆ ಹತ್ತನೆಯ ವರ್ಷದವರೆಗೆ ನಿಶ್ಚಿಂತೆಯಿಂದ ಇರುತ್ತಿದ್ದರೇನೋ. ಈಕೆಯು ಹಾಗಿರಲಿಲ್ಲ. ಆ ಸಹಾಯವು ನಿಂತುಹೋದ ದಿನ ಮಕ್ಕಳ ಬಾಯಿಗೆ ಏನೆಂದು ಯೋಚಿಸಿ, ಕೇಡಗಾಂವಿನಲ್ಲಿ ಸುಮಾರು 100 ಎಕರೆ ಬರಡು ನೆಲವನ್ನು ಕೊಂಡು, ಬಾವಿಗಳನ್ನು ತೋಡಿಸಿ, ಹಣ್ಣಿನ ಗಿಡಗಳನ್ನು ನೆಡಿಸಿದರು. ಗಂಗಾಮೂಲದಲ್ಲಿ ತಂದೆಯು ಕಳೆದುಕೊಂಡ ನೆಲವು ಮಗಳ ನೆನಪಿನಲ್ಲಿದ್ದಿತೋ ಏನೋ ಎಂದು ನಮಗೆ ತೋರುತ್ತದೆ.

ಆ ಮುಂದಾಲೋಚನೆಗೆ ಕೆಲಸ ಬೇಗನೆ ಬಂದಿತು. 1896ರಲ್ಲಿ ಮಧ್ಯಪ್ರಾಂತದಲ್ಲಿ ಕ್ಷಾಮವು ತಲೆದೋರಿದಾಗ ಎಲೆ ತಿಂದು ಬದುಕಿದ ತಮ್ಮ ಬಾಲ್ಯವು ಆಕೆಯ ಕಣ್ಣಿಗೆ ಕಟ್ಟಿತು. ತಾವೇ ಹೊರಟುಹೋಗಿ ದಿಕ್ಕಿಲ್ಲದ ಹೆಣ್ಣುಮಕ್ಕಳನ್ನು ನೂರುಗಟ್ಟಲೆ ಕರೆತಂದರು. ಪುಣೆಯಲ್ಲಿ ಪ್ಲೇಗಿನ ನಿರ್ಬಂಧಗಳಿದ್ದುದರಿಂದ ಅವರನ್ನು ಕೇಡಗಾಂವಿನ ಹೊಲಕ್ಕೆ ಸಾಗಿಸಿದರು. ಮುಕ್ತಿ ಸದನವು ಹುಟ್ಟಿದುದು ಹೀಗೆ. 1900ರಲ್ಲಿ ಗುಜರಾತಿನ ಕ್ಷಾಮದಿಂದ ಇನ್ನೂ ಹಲವರು ಬಂದರು. ಆ ವೇಳೆಗೆ ಅಲ್ಲಿ ಸುಮಾರು 1,500 ನಿವಾಸಿಗಳೂ ನೂರಕ್ಕೂ ಮಿಕ್ಕು ದನಗಳೂ ಇದ್ದವು. ಕೂಲಿಕೆಲಸವು ಕುಲಕ್ಕೆ ಹೀನವೆಂಬ ನಂಬಿಕೆಯಿಂದ ತನ್ನವರನ್ನು ಕಳೆದುಕೊಂಡವಳ ಮನೆಯಲ್ಲಿ ಯಾವ ಕೆಲಸವೂ ಹೀನವೆನ್ನಿಸಿಕೊಳ್ಳಲಿಲ್ಲ. ನೇಯ್ಗೆ, ಹೊಲಿಗೆ, ಎಣ್ಣೆಗಾಣ, ಹೈನ, ತೋಟದ ಕೆಲಸ, ಅಚ್ಚಿನ ಮೊಳೆ ಜೋಡಿಸುವುದು ಎಲ್ಲವನ್ನೂ ಹೆಂಗಸರೇ ಕಲಿತರು. ಕುರುಡರೂ ಬ್ರೈಲ್ ಲಿಪಿಯನ್ನು ಕಲಿತು ಬುಟ್ಟಿ ಹೆಣೆದರು. ರಮಾಬಾಯಿಯವರ ಉಡುಪು ಅಲ್ಲಿಯ ಹೆಂಗಸರ ಉಡುಪಿಗಿಂತ ಬೇರೆಯಾಗಿರಲಿಲ್ಲ. ಕಲ್ಕತ್ತೆಯ ಪಂಡಿತರೂ ಅಮೆರಿಕದ ಸಭೆಗಳೂ ಮನ್ನಿಸಿದವಳು, ಮನಸ್ಸುಮಾಡಿದ್ದರೆ ಎಷ್ಟು ಸುಖವಾಗಿ ಇರಬಹುದಾಗಿತ್ತು!

ಆಕೆಯ ಮಿತಜೀವನದ ಗಣಿತವು ಹೀಗಿದೆ. ತನ್ನ ಮೇಲೆ ಖರ್ಚಾಗದೆ ಉಳಿದುದು ಪೆಟ್ಟಿಗೆಯಲ್ಲಿ ಉಳಿಯಲಿಲ್ಲ. ಅದು ಬಾವಿಯಾಯಿತು, ಮಗ್ಗವಾಯಿತು, ಅಚ್ಚುಕೂಟವಾಯಿತು. ಜಿಪುಣನೂ ಮಿತವಾಗಿಯೇ ಉಣ್ಣುವನು, ಹಳಸಿದ ಬಟ್ಟೆಯನ್ನೇ ಉಡುವನು. ಹೊರಗಿನಿಂದ ನೋಡಿದರೆ ಅವನಿಗೂ ಭಕ್ತನಿಗೂ ಭೇದವೇ ಕಾಣದು. ಉಳಿದ ಹಣವು ಎಲ್ಲಿಗೆ ಹೋಯಿತು ಎಂದು ಕೇಳಿದಾಗ ಮಾತ್ರ ಭೇದವು ತಿಳಿಯುವುದು. ವೈರಾಗ್ಯಕ್ಕೂ ಇದಕ್ಕೂ ಅಂತರವುಂಟು. ನಮ್ಮ ಬಾಬಾಬುಡನ್‌ಗಿರಿಯು ಫಕೀರರನ್ನೂ ದತ್ತಾತ್ರೇಯನನ್ನೂ ನೆನೆಯುವ ಬೆಟ್ಟ. ಲೋಕವನ್ನು ತೊರೆದವರಿಗೆ ಇಲ್ಲಿ ಎಂದಿನಿಂದಲೂ ಗೌರವವುಂಟು. (ಯೆಮೆನ್ ದೇಶದಿಂದ ಏಳು ಕಾಫಿಬೀಜಗಳನ್ನು ತಂದರೆಂದು ಐತಿಹ್ಯವು ಹೇಳುವ ಆ ಫಕೀರರು, ಅವುಗಳಿಂದ ಇಂದು ಎದ್ದಿರುವ ಬಂಗಲೆಗಳನ್ನು ನೋಡಿದ್ದರೆ ಏನೆನ್ನುತ್ತಿದ್ದರೋ!) ಆದರೆ ಮುಕ್ತಿ ಸದನದ ಒಡತಿಯು ಲೋಕವನ್ನು ತೊರೆಯಲಿಲ್ಲ. ದನಗಳ ಮೇವು, ಕಾಳಿನ ಧಾರಣೆ, ಬಾವಿಯ ನೀರು ಇವುಗಳ ಚಿಂತೆಯಲ್ಲಿಯೇ ಆಕೆಯ ದಿನವು ಕಳೆಯಿತು.

ಸುವಾರ್ತೆಯಲ್ಲಿಯೂ ಈ ಎರಡು ಮುಖಗಳಿವೆ. ಐದು ರೊಟ್ಟಿಗಳಿಂದ ಐದು ಸಾವಿರ ಜನರನ್ನು ತೃಪ್ತಿಪಡಿಸಿದ ಕರ್ತನು, ಉಳಿದ ತುಂಡುಗಳನ್ನು ಹಾಳುಮಾಡದೆ ಕೂಡಿಸುವಂತೆ ಶಿಷ್ಯರಿಗೆ ಆಜ್ಞಾಪಿಸಿದನೆಂದು ಯೋಹಾನನು ಬರೆದಿರುವನು. ಅದ್ಭುತವನ್ನು ಮಾಡಬಲ್ಲವನಿಗೂ ಚೂರು ರೊಟ್ಟಿಯ ಲೆಕ್ಕವಿದ್ದಿತು. ಅದೇ ಯೋಹಾನನು, ಬೇಥಾನ್ಯದಲ್ಲಿ ಮರಿಯಳು ಬೆಲೆಯುಳ್ಳ ಸುಗಂಧತೈಲವನ್ನು ಕರ್ತನ ಪಾದಗಳಿಗೆ ಸುರಿದ ಸಂಗತಿಯನ್ನೂ ಹೇಳುತ್ತಾನೆ. ಆ ದಿನ ಮಿತವ್ಯಯದ ಪರವಾಗಿ ವಾದಿಸಿದವನು ಯಾರು? ಮುನ್ನೂರು ದಿನಾರಿಗಳಿಗೆ ಮಾರಿ ಬಡವರಿಗೆ ಕೊಡಬಹುದಾಗಿತ್ತಲ್ಲಾ ಎಂದವನು ಯೂದನೇ. ನಮ್ಮ ವೇದಪಾಠದ ತರಗತಿಯಲ್ಲಿ ಈ ಭಾಗವು ಬಂದಾಗಲೆಲ್ಲ ಹುಡುಗಿಯರು ಗೊಂದಲಕ್ಕೆ ಒಳಗಾಗುವರು; ಗೊಂದಲವಾಗಬೇಕಾದುದೇ ಸರಿ. ಪ್ರೀತಿಯಿಲ್ಲದವನ ಬಾಯಲ್ಲಿ ಮಿತವ್ಯಯದ ಮಾತು ಎಷ್ಟು ಸೊಗಸಾಗಿ ಬರಬಲ್ಲದು ಎಂಬುದನ್ನು ಅವರು ಚಿಕ್ಕಂದಿನಲ್ಲಿಯೇ ತಿಳಿದಿರಲಿ.

ಈಗ ಮೊದಲಿನ ಪ್ರಶ್ನೆಗೆ ಬರುವೆವು. ಪೋಷಕರಲ್ಲಿ ಕೂಲಿಮಾಡಿ ಮಕ್ಕಳನ್ನು ಓದಿಸುತ್ತಿರುವವರಿಗೆ ಸರಳತೆಯನ್ನು ಬೋಧಿಸುವ ಅಧಿಕಾರವು ನಮಗಿಲ್ಲ. ಈ ನಾಡಿನಲ್ಲಿ ಎಷ್ಟೋ ಜಾತಿಗಳ ಹೆಂಗಸರಿಗೆ ಒಳ್ಳೆಯ ಬಟ್ಟೆಯುಡುವುದೂ ಒಡವೆಯಿಡುವುದೂ ಮೇಲಿನವರಿಂದ ನಿಷೇಧಿಸಲ್ಪಟ್ಟಿದ್ದ ಕಾಲವೊಂದಿತ್ತು. ಅಂಥಾ ಮನೆತನದ ತಾಯಿಯೊಬ್ಬಳು ಮಗಳ ಕಿವಿಗೆ ಒಂದು ಜೊತೆ ಚಿನ್ನದ ಓಲೆಯನ್ನು ಮಾಡಿಸಿದರೆ ಅದನ್ನು ಆಡಂಬರವೆಂದು ಕರೆಯುವುದಕ್ಕೆ ನಮ್ಮ ನಾಲಗೆಯು ಏಳದು. ಅದು ಮಾನದ ಓಲೆ. ಮಿತಜೀವನವನ್ನು ಆರಿಸಿಕೊಳ್ಳಬೇಕಾದರೆ ಆರಿಸಿಕೊಳ್ಳುವಷ್ಟು ಮೊದಲು ಇರಬೇಕು. ಆದಕಾರಣ ಈ ಕರೆಯು ಮೊದಲು ಉಳ್ಳವರಿಗೆ, ಎರಡನೆಯದಾಗಿ ಸಂಬಳ ಪಡೆಯುವ ನಮ್ಮಂಥ ಉಪಾಧ್ಯಾಯಿನಿಯರಿಗೆ, ನರ್ಸುಗಳಾಗಿ, ಗುಮಾಸ್ತರಾಗಿ ಗಳಿಸುತ್ತಿರುವ ನಮ್ಮ ಪೂರ್ವ ವಿದ್ಯಾರ್ಥಿನಿಯರಿಗೆ.

ಕಾಫಿಯ ಸೀಮೆಯವರಿಗೆ ಇದು ಧರ್ಮದ ಮಾತು ಮಾತ್ರವಲ್ಲ, ಲೋಕಜ್ಞಾನದ ಮಾತೂ ಹೌದು. ನಮ್ಮಲ್ಲಿ ಹಣವು ಕೊಯ್ಲಿನ ಕಾಲದಲ್ಲಿ ಒಮ್ಮೆಗೇ ಬರುವುದು, ಮಳೆಗಾಲಕ್ಕೆ ಮುಂಚೆಯೇ ಹೋಗಿಬಿಡುವುದು. ಇಪ್ಪತ್ತೊಂದನೆಯ ಶತಮಾನದ ಮೊದಲ ವರ್ಷಗಳಲ್ಲಿ ಬೆಲೆಯು ನೆಲಕಚ್ಚಿದಾಗ ಸಾಲದಲ್ಲಿ ಮುಳುಗಿದ ತೋಟಗಳನ್ನು ನಾವು ಕಂಡಿರುವೆವು. 2019ರ ಆಗಸ್ಟಿನಲ್ಲಿ ಮೂಡಿಗೆರೆಯ ಕಡೆ ಗುಡ್ಡಗಳು ಕುಸಿದು ಗಿಡಗಳೊಡನೆ ನೆಲವೇ ಹೋದುದನ್ನೂ ಕಂಡಿರುವೆವು. ಹೀಗಿದ್ದರೂ ಬೆಲೆಯು ಏರಿದ ವರ್ಷ ಮದುವೆಯ ಚಪ್ಪರವೂ ಏರುವುದು. ಮರುವರ್ಷ ಬೆಲೆಯಿಳಿದರೂ ಚಪ್ಪರವು ಇಳಿಯದು. ನೆರೆಮನೆಯವರು ಸಾವಿರ ಎಲೆ ಹಾಕಿಸಿದರೆಂದು ನಾವೂ ಹಾಕಿಸಬೇಕು. ಕ್ರೈಸ್ತರ ಮನೆಗಳೂ ಇದಕ್ಕೆ ಹೊರತಲ್ಲವೆಂದು ಬರೆಯಲು ನಮಗೆ ವ್ಯಸನವಾಗುತ್ತದೆ. ವರದಕ್ಷಿಣೆಯು 1961ರ ಕಾಯಿದೆಯಿಂದ ನಿಷಿದ್ಧವಾಗಿದ್ದರೂ, ಉಡುಗೊರೆಯೆಂಬ ಹೆಸರನ್ನಿಟ್ಟುಕೊಂಡು ದೇವಾಲಯದ ಬಾಗಿಲಿನವರೆಗೂ ಬರುತ್ತದೆ. ಪೂರ್ವ ವಿದ್ಯಾರ್ಥಿನಿಯೊಬ್ಬಳು ತನ್ನ ಮದುವೆಯನ್ನು ಪ್ರಾರ್ಥನೆ, ಚಹಾ, ಅವಲಕ್ಕಿಗಳಿಂದಲೇ ಮುಗಿಸಿ, ಉಳಿದ ಹಣದಿಂದ ತಂಗಿಯನ್ನು ಶಿಕ್ಷಕಿಯರ ತರಬೇತಿಗೆ ಕಳುಹಿಸಿದಳು. ಬಂಧುಗಳು ಬಹಳ ದಿನ ಅದನ್ನು ಆಡಿಕೊಂಡರು. ತಂಗಿಯು ಇಂದು ಕಲಿಸುತ್ತಿರುವಳು; ಆಡಿಕೊಂಡವರಲ್ಲಿ ಒಬ್ಬರ ಮಗನೂ ಅವಳ ತರಗತಿಯಲ್ಲಿಯೇ ಕುಳಿತಿರುವನೆಂದು ಕೇಳಿದೆವು.

ಸರಳತೆಯೆಂದರೆ ಮಕ್ಕಳಿಗೆ ಕಡಿಮೆ ಕೊಡುವುದೆಂದು ಯಾರೂ ತಿಳಿಯಬಾರದು. ರಮಾಬಾಯಿಯವರು ತಮ್ಮ ಊಟ, ಬಟ್ಟೆಗಳಲ್ಲಿ ಹಿಡಿತವಿಟ್ಟರೇ ಹೊರತು ವಿದ್ಯೆಯಲ್ಲಿ ಹಿಡಿತವಿಡಲಿಲ್ಲ. ಮಗಳು ಮನೋರಮೆಯನ್ನು ಅಮೆರಿಕದಲ್ಲಿ ಓದಿಸಿದರು. ನಮ್ಮ ಕನ್ನಡನಾಡಿನ ಗುಲ್ಬರ್ಗದಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, ಹೆಣ್ಣುಮಕ್ಕಳಿಗಾಗಿ ಕ್ರೈಸ್ತ ಪ್ರೌಢಶಾಲೆಯೊಂದು ಏರ್ಪಡುವುದಕ್ಕೆ ಆ ತಾಯಿಮಗಳೇ ಕಾರಣರಾದರು. ಆಕೆ ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು ಸತ್ಯವೇದವನ್ನು ಸಾಮಾನ್ಯ ಹೆಂಗಸರಿಗೆ ತಿಳಿಯುವ ಮರಾಠಿಗೆ ತಿರುಗಿಸಿದರು. ಕ್ಷಾಮದಲ್ಲಿ ಬಂದ ಹುಡುಗಿಯರೇ ಅದರ ಮೊಳೆಗಳನ್ನು ಜೋಡಿಸಿದರು. 1921ರ ಜುಲೈನಲ್ಲಿ ಮನೋರಮೆಯು ತೀರಿಕೊಂಡರೂ ತಾಯಿಯು ಆ ಕೆಲಸವನ್ನು ಬಿಡದೆ ಮುಗಿಸಿ, 1922ನೆಯ ಏಪ್ರಿಲ್ 5ರಂದು ಕಣ್ಣುಮುಚ್ಚಿದರು. ಮುಕ್ತಿ ಸದನವು ಕೇಡಗಾಂವಿನಲ್ಲಿ ಇಂದಿಗೂ ನಡೆಯುತ್ತಿದೆ.

ಮನೆಯಲ್ಲಿ ಎಲ್ಲಿಂದ ಪ್ರಾರಂಭಿಸಬೇಕು ಎಂದು ಕೇಳುವ ತಾಯಂದಿರಿಗೆ ನಾವು ಒಂದು ಹಳೆಯ ಪದ್ಧತಿಯನ್ನು ನೆನಪಿಸುವೆವು. ಅಡಿಗೆಗೆ ಅಕ್ಕಿಯನ್ನು ಅಳೆದ ಮೇಲೆ ಅದರಿಂದ ಒಂದು ಹಿಡಿಯನ್ನು ತೆಗೆದು ಬೇರೊಂದು ಮಡಕೆಗೆ ಹಾಕುವುದು ನಮ್ಮ ಅಜ್ಜಿಯರ ಅಡಿಗೆಮನೆಗಳಲ್ಲಿ ವಾಡಿಕೆಯಾಗಿತ್ತು. ವಾರದ ಕೊನೆಗೆ ಅದು ದೇವಾಲಯಕ್ಕೆ ಹೋಗುತ್ತಿತ್ತು. ದೂರದ ಮಿಜೋರಾಮಿನ ಬೆಟ್ಟಗಳಲ್ಲಿ ಕ್ರೈಸ್ತ ಹೆಂಗಸರು 1910ರಲ್ಲಿ ಈ ಬಗೆಯ ಹಿಡಿಯಕ್ಕಿಯನ್ನು ಪ್ರಾರಂಭಿಸಿದರು. ಅವರು ಇಂದಿಗೂ ಅದನ್ನು ಬಿಟ್ಟಿಲ್ಲ. ಅಲ್ಲಿಯ ಸಭೆಯ ಸೇವೆಗೆ ಅದೊಂದು ಮುಖ್ಯ ಆಧಾರವಾಗಿದೆ. ಆ ಹಿಡಿಯನ್ನು ಉಂಡು ಮಿಕ್ಕುದರಿಂದಲ್ಲ, ಅನ್ನವಾಗುವುದಕ್ಕೆ ಮುಂಚೆ, ಮನೆಯವರ ಪಾಲಿನಿಂದಲೇ ತೆಗೆಯುವರು. ನಮ್ಮ ವಿದ್ಯಾರ್ಥಿನಿಲಯದ ಅಡಿಗೆಮನೆಯಲ್ಲಿಯೂ ಅಂಥಾ ಒಂದು ಮಣ್ಣಿನ ಮಡಕೆಯುಂಟು. ಸರದಿಯ ಪ್ರಕಾರ ದಿನಕ್ಕೊಬ್ಬ ಹುಡುಗಿಯು ಹಿಡಿಯಕ್ಕಿಯನ್ನು ಹಾಕುವಳು. ಶನಿವಾರ ಅದು ಊರಿನ ಒಬ್ಬಂಟಿ ಮುದುಕಿಯರ ಮನೆಗಳಿಗೆ ಹೋಗುವುದು. ಚಿಕ್ಕ ಕೈಯವಳ ಸರದಿ ಬಂದ ದಿನ ಕೆಲವರು ಎರಡು ಹಿಡಿ ಹಾಕಲು ಹೇಳುವರು, ಇನ್ನು ಕೆಲವರು ಒಂದೇ ಸಾಕೆನ್ನುವರು. ಈ ವಾದವನ್ನು ನಾವು ಇನ್ನೂ ತೀರ್ಮಾನಿಸಿಲ್ಲ.